ಹಳೇ ರತ್ನಗಂಬಳಿ ಕೊಳ್ಳೋದು: ಇಸವಿ ನಂಬಬೇಕಾ, ಬೆನ್ನು ನೋಡಬೇಕಾ?

ಬನಶಂಕರಿ_ಬಾಲ್ಕನಿ

ಎಲ್ಲರಿಗೂ ನಮಸ್ಕಾರ. ಹೊಸ ಫ್ಲ್ಯಾಟ್‌ನ ಹಾಲ್ 12×17 ಅಡಿ. ನೆಲಕ್ಕೆ ಬಿಲ್ಡರ್ ಹಾಕಿಕೊಟ್ಟ ಬಿಳಿ ಟೈಲ್ಸ್. ಎಷ್ಟು ಸಾಮಾನು ತುಂಬಿದರೂ ಆಸ್ಪತ್ರೆ ಕಾರಿಡಾರ್ ಥರ ಕಾಣುತ್ತೆ. ಒಂದು ಹಳೇ ರತ್ನಗಂಬಳಿ ಹಾಸಬೇಕು ಅನ್ನೋದು ನನ್ನ ಆಸೆ. ಹೊಸದೇ ತಗೊಂಡ್ರೆ ಏನು ಕಷ್ಟ ಅನ್ನೋದು ಯಜಮಾನರ ವಾದ.

ಸದ್ಯಕ್ಕೆ ಎರಡು ಕಣ್ಣಮುಂದಿವೆ. ಒಂದು, ಇಲ್ಲೇ ಒಂದು ಅಂಗಡಿಯಲ್ಲಿ ನೋಡಿದ್ದು. ಪರ್ಷಿಯನ್, ಇರಾನಿನ ತಬ್ರೀಜ್ ಊರಿನದು ಅಂತಾರೆ. 8×11 ಅಡಿ, ಇಟ್ಟಿಗೆ ಕೆಂಪು ಮೈ, ನಡುವೆ ದೊಡ್ಡ ಪದಕ. ಮೂಲೆಯಲ್ಲಿ ಪರ್ಷಿಯನ್ ಅಂಕಿಯಲ್ಲಿ 1222 ಅಂತ ಇಸವಿ ನೇಯ್ದಿದೆ. "ಮೇಡಂ, ಇನ್ನೂರು ವರ್ಷದ್ದು, ಮ್ಯೂಸಿಯಂ ಪೀಸು" ಅಂದ್ರು. ಬೆಲೆ ಕೇಳಿ ಯಜಮಾನರು ಅಂಗಡಿಯಲ್ಲೇ ಕೂತುಬಿಟ್ರು.

ಇನ್ನೊಂದು, ಮೈಸೂರಿನ ಅತ್ತೆ ಮನೆಯ ಅಟ್ಟದಲ್ಲಿ ಸುತ್ತಿಟ್ಟಿರೋದು. ಮಾವನವರ ತಂದೆ ಎಪ್ಪತ್ತರ ದಶಕದಲ್ಲಿ ಕಾಶ್ಮೀರ ಪ್ರವಾಸಕ್ಕೆ ಹೋದಾಗ ತಂದಿದ್ದಂತೆ. ಕೆಂಪು ಬಣ್ಣ, ಸಾಲುಸಾಲಾಗಿ ಎಂಟು ಮೂಲೆಯ ಹೂವು. ಸುಮಾರು 6×9 ಇರಬಹುದು. "ತಗೊಂಡೋಗಮ್ಮ, ಸುಮ್ನೆ ಧೂಳು ತಿಂತಾ ಬಿದ್ದಿದೆ" ಅಂತಾರೆ ಅತ್ತೆ.

ಎರಡರ ಫೋಟೋನೂ ಹಾಕಿದೀನಿ. ಗೊತ್ತಿರೋರು ಹೇಳಿ.

ಸೀನು_ಸೀನ್ತಾನೆ

ಯಾವುದೂ ಬೇಡ. ಉಣ್ಣೆ ಅಂದ್ರೆ ಧೂಳು, ಧೂಳು ಅಂದ್ರೆ ಸೀನು. ಇನ್ನೂರು ವರ್ಷದ ಗಂಬಳಿಯಲ್ಲಿ ಇನ್ನೂರು ವರ್ಷದ ಧೂಳೂ ಇರುತ್ತೆ. ನನ್ನ ಓಟು ಬರೀ ನೆಲಕ್ಕೆ.

ಹಾಸುಹೊಕ್ಕು

ಫೋಟೋ ಎರಡೂ ಮುಂಭಾಗದ್ದು. ಮುಂಭಾಗ ನೋಡಿ ಹೇಳೋಕೆ ಆಗೋದು ಚೆನ್ನಾಗಿದೆ ಅನ್ನೋದಷ್ಟೇ. ಒಂದು ಮೂಲೆ ಮಗುಚಿ ಹಾಕಿ, ಕಿಟಕಿ ಪಕ್ಕದ ಹಗಲು ಬೆಳಕಲ್ಲಿ ಬೆನ್ನಿನ ಫೋಟೋ ತೆಗೆದು ಹಾಕಿ. ಕುಚ್ಚು ಶುರುವಾಗೋ ಜಾಗದ್ದೂ ಇರಲಿ, ಉದ್ದಕ್ಕೆ ಹೋಗುವ ಅಂಚಿನದ್ದೂ ಇರಲಿ.

ಅಲ್ಲಿಯವರೆಗೆ, ಮಗುಚಿದಾಗ ನೀವೇ ಏನು ನೋಡಬಹುದು ಅಂತ ಹೇಳ್ತೀನಿ.

ಕೈಯಲ್ಲಿ ಗಂಟು ಹಾಕಿ ನೇಯ್ದದ್ದಾದ್ರೆ ಮುಂದಿನ ಚಿತ್ತಾರ ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು. ಒಂದೊಂದು ಗಂಟೂ ಸಣ್ಣ ಉಬ್ಬಾಗಿ ಕಾಣುತ್ತೆ, ಸಾಲು ಅಲ್ಪಸ್ವಲ್ಪ ಓರೆಕೋರೆ ಇರುತ್ತೆ. ಬೆನ್ನಿಗೆ ಬಟ್ಟೆ ಅಂಟಿಸಿದ್ರೆ ಅದು ಟಫ್ಟೆಡ್: ಗನ್‌ನಲ್ಲಿ ನೂಲು ಚುಚ್ಚಿ, ಲೇಟೆಕ್ಸ್ ಗೋಂದು ಬಳಿದು, ಮೇಲೆ ಬಟ್ಟೆ ಮುಚ್ಚಿದ್ದು. ಗೋಂದು ಒಣಗಿ ಪುಡಿ ಉದುರೋಕೆ ಬಹಳ ವರ್ಷ ಬೇಕಿಲ್ಲ. ಅಂಥದ್ದಕ್ಕೆ "ಆಂಟಿಕ್" ಚೀಟಿ ಅಂಟಿಸಿದ್ರೆ ನಮಸ್ಕಾರ ಹೇಳಿ ಹೊರಡಿ. ಕುಚ್ಚಿನ ವಿಷಯವೂ ಅಷ್ಟೇ. ಕುಚ್ಚು ಅಂದ್ರೆ ಹಾಸಿನ (ಉದ್ದಕ್ಕೆ ಹೋಗುವ) ಎಳೆಗಳ ತುದಿ, ಗಂಬಳಿಯ ಮೂಳೆ ಹೊರಗೆ ಇಣುಕಿದ್ದು. ಅದು ಒಳಗಿನಿಂದಲೇ ಬರಬೇಕು. ಬೇರೆ ಪಟ್ಟಿ ತಂದು ಹೊಲಿದಿದ್ರೆ ಒಂದೋ ಅದು ಯಂತ್ರದ್ದು, ಇಲ್ಲಾ ತುದಿ ಸವೆದು ರಿಪೇರಿ ಆಗಿದೆ. ರಿಪೇರಿ ಆಗಿದ್ರೆ ತಪ್ಪೇನಿಲ್ಲ. ಬೆಲೆ ಇಳಿಸಿ ಕೇಳಿ, ಅಷ್ಟೇ.

ಆಮೇಲೆ ಬೆನ್ನು ಮೇಲೆ ಮಾಡಿ, ಎರಡೂ ಕೈಯಲ್ಲಿ ಒಂದು ಮಡಿಕೆ ಹಿಡಿದು ಮೆಲ್ಲಗೆ ತಿರುಚಿ, ಕಿವಿ ಹತ್ತಿರ ಇಟ್ಕೊಳ್ಳಿ. ಚಟ್ ಚಟ್ ಅಂತ ಸದ್ದು ಬಂದ್ರೆ ಒಳಗಿನ ಹತ್ತಿ ಎಳೆ ಕೊಳೆತಿದೆ ಅಂತ ಅರ್ಥ. ಯಾವತ್ತೋ ನೀರು ಕುಡಿದು ನೆಟ್ಟಗೆ ಒಣಗದೆ ಉಳಿದಿರುತ್ತೆ. ಮೇಲೆ ಹೂಕುಂಡ ಇಟ್ಟ ಜಾಗದಲ್ಲಿ ಇದು ಜಾಸ್ತಿ. ಮುಖ ಎಷ್ಟೇ ಸುಂದರವಾಗಿರಲಿ, ಎಳೆ ಕೊಳೆತದ್ದನ್ನ ಪುಕ್ಕಟೆ ಕೊಟ್ರೂ ತರಬೇಡಿ. ತೂತನ್ನ ರಫು ಮಾಡಿಸಬಹುದು, ಅಂಚು ಕಟ್ಟಿಸಬಹುದು. ಕೊಳೆತ ಎಳೆಗೆ ಮಾತ್ರ ಮದ್ದಿಲ್ಲ.

ಗಂಟಿನ ಸಂಖ್ಯೆ ಬಗ್ಗೆ ಅಂಗಡಿಯವರು ಭಾಷಣ ಮಾಡ್ತಾರೆ, ತಲೆ ಕೆಡಿಸ್ಕೊಬೇಡಿ. ಕಾಶ್ಮೀರದ ಮಾಮೂಲಿ ಒಳ್ಳೇ ಗುಣಮಟ್ಟ ಅಂದ್ರೆ ಇಂಚಿಗೆ 18×18, ಅಂದ್ರೆ ಚದರ ಇಂಚಿಗೆ 324 ಗಂಟು. ಇರಾನಿನ ಹೆರಿಜ್ ಊರಿನ ಎಷ್ಟೋ ಗಂಬಳಿಗಳಲ್ಲಿ ನೂರೂ ಇರಲ್ಲ, ಆದರೆ ತಲೆಮಾರುಗಟ್ಟಲೆ ತುಳಿಸಿಕೊಂಡು ಗಟ್ಟಿಯಾಗಿರುತ್ತವೆ. ಗಂಟು ಜಾಸ್ತಿ ಇದ್ರೆ ಚಿತ್ತಾರ ನಾಜೂಕು. ಬಾಳಿಕೆ, ವಯಸ್ಸು ಎರಡಕ್ಕೂ ಅದಕ್ಕೂ ಸಂಬಂಧ ಇಲ್ಲ. 1949ರಲ್ಲಿ ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್‌ನಲ್ಲಿ, ಗೋರಿಯೊಳಗಿನ ಮಂಜುಗಡ್ಡೆಯಲ್ಲಿ ಸಿಕ್ಕ ಗಂಬಳಿಯೇ ಈಗ ಇಡಿಯಾಗಿ ಉಳಿದಿರುವ ಅತಿ ಹಳೆಯದು. ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನದು, ಚದರ ಇಂಚಿಗೆ 230ರ ಆಸುಪಾಸು ಗಂಟು. ಇವತ್ತಿನ ಸಾಧಾರಣ ಕಾರ್ಖಾನೆ ಮಾಲಿಗಿಂತ ನಯ.

ಬನಶಂಕರಿ_ಬಾಲ್ಕನಿ

ತುಂಬಾ ಥ್ಯಾಂಕ್ಸ್ ಸರ್. ಆದ್ರೆ ಇಸವಿ ನೇಯ್ದಿರೋದು ಸಾಕ್ಷಿ ಅಲ್ವಾ? ಈಗಿನ 2020ರ ದಶಕದಿಂದ 1222 ಕಳೆದ್ರೆ ಎಂಟುನೂರು ವರ್ಷ ಆಗುತ್ತೆ. ಅವರು ಇನ್ನೂರು ಅಂತಾರೆ. ಲೆಕ್ಕ ಹೇಗೆ?

ಹಾಸುಹೊಕ್ಕು

ಸರ್ ಅಲ್ಲ, ಮೇಡಂ. ಪರವಾಗಿಲ್ಲ :)

ಅದು ಹಿಜರಿ ಇಸವಿ, ಚಂದ್ರನ ಲೆಕ್ಕ. ಅಲ್ಲಿ ವರ್ಷ ಚಿಕ್ಕದು. ಆ ಸಂಖ್ಯೆಯನ್ನ 33ರಿಂದ ಭಾಗಿಸಿ, ಬಂದದ್ದನ್ನ ಅದರಲ್ಲೇ ಕಳೆದು, 622 ಕೂಡಿಸಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರೋ ಅರ್ದಬೀಲ್ ಗಂಬಳಿಯ ಮೇಲೆ 946 ಅಂತ ಇದೆ. 946ರಲ್ಲಿ 29 ಕಳೆದ್ರೆ 917, ಅದಕ್ಕೆ 622 ಸೇರಿದ್ರೆ 1539. ಅದೇ ರೀತಿ 1222 ಅಂದ್ರೆ 1807. ಹಾಗಾಗಿ ಅವರ ಕೂಡು-ಕಳೆ ಸರಿಯಾಗೇ ಇದೆ.

ನನಗೆ ಅನುಮಾನ ಇರೋದು ಆ ಎರಡನೇ ಅಂಕಿಯ ಮೇಲೆ. ಪರ್ಷಿಯನ್ ಬರಹದಲ್ಲಿ 2ಕ್ಕೂ 3ಕ್ಕೂ ಇರೋ ವ್ಯತ್ಯಾಸ ತಲೆ ಮೇಲಿನ ಒಂದೇ ಒಂದು ಹಲ್ಲು. 3ರ ಒಂದು ಹಲ್ಲಿನ ನಾಲ್ಕಾರು ಗಂಟು ಕಿತ್ತು, ಆ ಜಾಗಕ್ಕೆ ಮೈಬಣ್ಣದ ಉಣ್ಣೆಯಲ್ಲಿ ಗಂಟು ಹಾಕಿದ್ರೆ 1322 ಹೋಗಿ 1222 ಆಗುತ್ತೆ. ನೂರು ವರ್ಷ ಒಂದು ಮಧ್ಯಾಹ್ನದಲ್ಲಿ ಬಂತು. ಹಳೇ ಮೋಸ ಇದು, ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತು.

ಪತ್ತೆ ಮಾಡೋಕೂ ಬೆನ್ನೇ ಬೇಕು. ಆ ಅಂಕಿಯ ಹಿಂಬದಿಗೆ ಫೋನಿನ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಆಮೇಲೆ ಹಾಕಿದ ಗಂಟು ಸುತ್ತಲಿನದಕ್ಕಿಂತ ಉಬ್ಬಿರುತ್ತೆ, ಇಲ್ಲಾ ಸಡಿಲ ಇರುತ್ತೆ. ಬೆನ್ನಿನ ಹಳೇ ಗಂಟುಗಳು ನೆಲಕ್ಕೆ ಉಜ್ಜಿ ಉಜ್ಜಿ ಚಪ್ಪಟೆಯಾಗಿ ಹೊಳಪು ಬಂದಿರುತ್ತವೆ. ಹೊಸದಕ್ಕೆ ಆ ಹೊಳಪು ಇರಲ್ಲ, ರೋಮ ಎದ್ದಿರುತ್ತೆ.

ಇನ್ನೊಂದು ತೊಡಕು ಇದೆ. ಇರಾನ್ 1925ರಲ್ಲಿ ಸೌರ ಲೆಕ್ಕದ ಪಂಚಾಂಗಕ್ಕೆ ಬದಲಾಯ್ತು. ಆಮೇಲಿನ ಗಂಬಳಿಯಾದ್ರೆ ಬರೀ 621 ಕೂಡಿಸಿದ್ರೆ ಸಾಕು. 1322 ಹಳೇ ಲೆಕ್ಕವಾದ್ರೆ 1904, ಹೊಸ ಲೆಕ್ಕವಾದ್ರೆ 1943. ಒಂದು ನೂರು ದಾಟಿದೆ, ಇನ್ನೊಂದು ದಾಟಿಲ್ಲ. ನೂರು ದಾಟಿದ್ರೆ ಆಂಟಿಕ್, ಅದರೊಳಗಿದ್ರೆ ವಿಂಟೇಜ್ ಅನ್ನೋದು ವ್ಯಾಪಾರದ ರೂಢಿ. ಬೆಲೆ ಆ ಗೆರೆಯಲ್ಲೇ ಜಿಗಿಯುತ್ತೆ.

ಎಡಿಸನ್_ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ ಹಳೇ ಮನೆಗಳ ಸಾಮಾನು ಮಾರಾಟ ವಾರಾಂತ್ಯಕ್ಕೆ ಎಲ್ಲಾದರೂ ಇದ್ದೇ ಇರುತ್ತೆ. ಅಜ್ಜ-ಅಜ್ಜಿ ತೀರಿಕೊಂಡ ಮನೆಯಲ್ಲಿ ಊಟದ ಮೇಜಿನ ಕೆಳಗಿರೋ ಗಂಬಳಿಯನ್ನ ಮಕ್ಕಳು ಕೇಳಿದಷ್ಟಕ್ಕೆ ಕೊಡ್ತಾರೆ. ನಮ್ಮ ಮನೆಯ ಹಮದಾನ್ (ಇರಾನಿನ ಆ ಊರ ಕಡೆಯ ಗಂಬಳಿ) ಹಾಗೇ ಬಂದಿದ್ದು. ಗಂಟಿನ ಸಾಲುಗಳ ನಡುವೆ ಒಂದೇ ಹೊಕ್ಕಿನ (ಅಡ್ಡ ಎಳೆಯ) ನೇಯ್ಗೆ, ಬೆನ್ನಲ್ಲಿ ಬಿಳಿ ಬಿಳಿ ಚುಕ್ಕಿ ಕಾಣುತ್ತೆ. ಹಳ್ಳಿ ಮಾಲು. ಮಕ್ಕಳು ಅದರ ಮೇಲೆ ಸಾರು ಚೆಲ್ಲಿದ್ದಾರೆ, ಏನೂ ಆಗಿಲ್ಲ.

ಅಮೆರಿಕದಲ್ಲಿರೋರಿಗೆ ಎರಡು ವಿಷಯ. ಇರಾನಿನ ಗಂಬಳಿ ಆಮದನ್ನ 2010ರಲ್ಲಿ ಇಲ್ಲಿನ ಸರ್ಕಾರ ನಿಲ್ಲಿಸಿತು, 2016ರಲ್ಲಿ ಬಿಟ್ಟಿತು, 2018ರ ಆಗಸ್ಟ್‌ನಲ್ಲಿ ಮತ್ತೆ ನಿಲ್ಲಿಸಿತು. ಹಾಗಾಗಿ ಆನ್‌ಲೈನಿನಲ್ಲಿ ಯಾರಾದ್ರೂ ನೇರ ಇರಾನಿನಿಂದ ಕಳಿಸ್ತೀವಿ ಅಂದ್ರೆ ದೂರ ಇರಿ. ಮೊದಲೇ ಇಲ್ಲಿಗೆ ಬಂದು ಮನೆಗಳಲ್ಲಿರೋದನ್ನ ಕೊಳ್ಳೋದು ಬೇರೆ ಮಾತು.

ಎರಡನೇದು ಬಣ್ಣ ಬಳಿದ ಸಾರೂಕ್, ಅದೂ ಇರಾನಿನ ಒಂದು ಊರಿನ ಹೆಸರಿನ ಗಂಬಳಿ. 1920ರ ದಶಕದಲ್ಲಿ ಅಮೆರಿಕದವರಿಗೆ ಕಡು ಮರೂನ್ ಬೇಕಿತ್ತು, ಇರಾನಿನಿಂದ ಬರ್ತಿದ್ದದ್ದು ಗುಲಾಬಿ ಮೈ. ವ್ಯಾಪಾರಿಗಳು ಇಲ್ಲಿ ತರಿಸಿಕೊಂಡು, ಬಣ್ಣ ಇಳಿಸಿ, ಬ್ರಷ್‌ನಲ್ಲಿ ಕೈಯಾರೆ ಕಡು ಕೆಂಪು ಬಳಿಸಿದ್ರು. ಮುಂದೆ ಮರೂನ್, ಬೆನ್ನಲ್ಲಿ ತಿಳಿ ಗುಲಾಬಿ ಕಂಡ್ರೆ ಅದೇ. ನನಗೆ ಹಾಗೆ ಬಳಿದದ್ದೂ ಇಷ್ಟ, ಅದೂ ಒಂದು ಚರಿತ್ರೆ. ಮಾರೋರು ಬಾಯಿ ಬಿಟ್ಟು ಹೇಳಬೇಕು, ಅಷ್ಟೇ ನನ್ನ ತಕರಾರು.

ತೀರ್ಥಹಳ್ಳಿ_ಮಳೆ

ನಮ್ಮಲ್ಲಿ ಮಳೆಗಾಲಕ್ಕೆ ಚಪ್ಪಲಿಗೂ ಬೂಸ್ಟು ಹಿಡಿಯುತ್ತೆ ಮಾರಾಯ್ರೆ. ಇಂಥಾ ಊರಲ್ಲಿ ಉಣ್ಣೆ ಗಂಬಳಿ ಇಟ್ಕೊಳ್ಳೋದು ಬುದ್ಧಿವಂತಿಕೆಯಾ? ಅಮ್ಮ ಅಂತೂ ಏನಿದ್ರೂ ಪ್ಲಾಸ್ಟಿಕ್ ಸುತ್ತಿ ನುಸಿಗುಳಿಗೆ ಹಾಕಿ ಅಟ್ಟಕ್ಕೆ ಏರಿಸ್ತಾರೆ.

ಹಾಸುಹೊಕ್ಕು

ಪ್ಲಾಸ್ಟಿಕ್ ಬೇಡ. ಒಳಗಿನ ತೇವ ಹೊರಗೆ ಹೋಗೋಕೆ ದಾರಿಯೇ ಇರಲ್ಲ. ಹಳೇ ಹತ್ತಿ ಪಂಚೆಯೋ ಬೆಡ್‌ಶೀಟೋ ಸುತ್ತಿ. ಮಡಚಬೇಡಿ, ಸುತ್ತಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಹಾಸದೇ ಇರೋದೇ ವಾಸಿ. ಇಲ್ಲಾಂದ್ರೆ ಹೊಗೆ ಆಡುವ ಒಣ ಕೋಣೆ ಇದ್ರೆ ಅಲ್ಲಿಡಿ.

ನುಸಿಯ ವಿಷಯದಲ್ಲಿ ಜನ ಚಿಟ್ಟೆ ನೋಡಿ ಓಡಿಸ್ತಾರೆ. ಉಣ್ಣೆ ತಿನ್ನೋದು ಚಿಟ್ಟೆ ಅಲ್ಲ, ಅದರ ಮರಿಹುಳು. ಅದಕ್ಕೆ ಕತ್ತಲೆ ಬೇಕು, ಯಾರೂ ಅಲುಗಾಡಿಸಬಾರದು. ಹಾಗಾಗಿ ಗಂಬಳಿಯ ನಡುಭಾಗ ಚೆನ್ನಾಗೇ ಇದ್ದು, ಸೋಫಾ ಅಡಿಯಲ್ಲಿ ಮಾತ್ರ ಬೋಳಾಗಿರುತ್ತೆ. ಬೋಳು ಜಾಗದ ಪಕ್ಕ ಮರಳಿನಂಥ ಕಾಳು, ಬೂದು ಬಣ್ಣದ ಬಲೆಯ ಕೊಳವೆ ಕಂಡ್ರೆ ಇನ್ನೂ ತಿಂತಾ ಇದೆ ಅಂತ. ಬೇವಿನ ಸೊಪ್ಪು, ಗುಳಿಗೆ ಎಲ್ಲ ವಾಸನೆಗೆ ಸರಿ, ಆಗಲೇ ಒಳಗಿರೋ ಮೊಟ್ಟೆ ಅದಕ್ಕೆ ಜಗ್ಗಲ್ಲ. ಚಿಕ್ಕದಾದ್ರೆ ಕವರಿಗೆ ಹಾಕಿ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿ ಒಂದು ವಾರಕ್ಕೂ ಜಾಸ್ತಿ ಇಡಬಹುದು, ಮ್ಯೂಸಿಯಂನವರು ಮಾಡೋದೂ ಇದೇ. ದೊಡ್ಡದಾದ್ರೆ ಎರಡೂ ಬದಿ ವ್ಯಾಕ್ಯೂಮ್ ಮಾಡಿ, ಒಣ ಬಿಸಿಲಿಗೆ ಬೆನ್ನು ಕೊಟ್ಟು ಒಂದೆರಡು ಗಂಟೆ ಹಾಕಿ. ಮುಖ ಬಿಸಿಲಿಗೆ ಬೇಡ, ಬಣ್ಣ ಹೋಗುತ್ತೆ.

ಅಂದ ಹಾಗೆ ಸೀನು ಅವರೇ, ವಾರಕ್ಕೊಮ್ಮೆ ಎತ್ತಿ ಕೊಡವೋದಾದ್ರೆ ಧೂಳು ಅಷ್ಟು ಕಾಡಲ್ಲ. ಆದರೆ ನಿಜವಾದ ಅಲರ್ಜಿ ಇರೋರ ಮನೆಗೆ ನಾನೂ ಪೈಲ್ (ಮೇಲೆ ಎದ್ದು ನಿಂತಿರೋ ನೂಲಿನ ತುದಿ) ಇರೋ ಗಂಬಳಿ ಹೇಳಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಅಲ್ರೀ, ಎಲ್ಲಾರೂ ಇರಾನ್, ಅಮೆರಿಕಾ ಅಂತೀರಿ, ಬಾಜೂಕ ಇರೋ ನವಲಗುಂದ ಯಾರಿಗೂ ನೆನಪಾಗ್ಲಿಲ್ಲೇನು? ಸೀನ್ಯಾ, ನಿನಗ ಬೇಕಾಗಿದ್ದು ಜಮಖಾನಿ. ಪೂರ್ತಿ ಹತ್ತಿ, ಪೈಲ್ ಇಲ್ಲ, ಎರಡೂ ಕಡೆ ಒಂದ ಚಿತ್ರ. ಹೊಲಸಾದ್ರ ಜಾಡಿಸಿ ಬಿಸಿಲಿಗೆ ಹಾಕೂದು, ಮುಗೀತು.

ನಮ್ಮವ್ವನ ತವರಿನಾಗ ಇನ್ನೂ ಒಂದ ಐತಿ. ನಡುವ ಪಗಡಿ ಹಾಸು ನೇಯ್ದಾರ, ಸುತ್ತ ನವಿಲು. ಹಿರೇರು ಅದರ ಮ್ಯಾಲೇ ಕೂತು ಪಗಡಿ ಆಡೋರಂತ. ನಿಂತ ಮಗ್ಗದಾಗ ಹೆಣ್ಮಕ್ಕಳ ನೇಯ್ತಾರ. ಬಿಜಾಪುರದ ಆದಿಲಶಾಹಿ ಕಾಲದಾಗ ಇದ್ದ ನೇಕಾರ ಮನಿತನ ಆಮ್ಯಾಲೆ ನವಲಗುಂದಕ್ಕ ಬಂದ್ವು ಅಂತ ಅಲ್ಲಿ ಮಂದಿ ಹೇಳ್ತಾರ. ಕೊಟ್ಟ ಮನಿಗೆ ಕಸಬು ಹೋಗಬಾರ್ದು ಅಂತ ಮಗಳಿಗೆ ಕಲಸ್ತಿದ್ದಿಲ್ಲ, ಸೊಸಿಗೆ ಕಲಸ್ತಿದ್ರಂತ. ಈಗ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕೈತಿ, ಆದ್ರ ನೇಯೋ ಕೈ ಭಾಳ ಕಮ್ಮಿ ಆಗ್ಯಾವ. ಹಳೇದು ಸಿಕ್ಕಿದ್ರ ಬಿಡಬ್ಯಾಡ್ರಿ. ಪೇಟಿಯೊಳಗ ನವಲಗುಂದ ಅಂತ ಹೇಳಿ ಮಷಿನ್ ದರಿ ಮಾರಾಕತ್ತಾರ, ಹುಷಾರ.

ಸೀನು_ಸೀನ್ತಾನೆ

ಅಕ್ಕಾ, ಇದು ಕೇಳೋಕೆ ಚೆನ್ನಾಗಿದೆ. ಪಗಡೆ ಹಾಸಿನ ಫೋಟೋ ಹಾಕಿ ದಯವಿಟ್ಟು.

ಕುಶಾಲನಗರ_ಕಾಫಿ

ನಮ್ಮ ಕಡೆಯದೂ ಒಂದು ಸೇರಿಸ್ತೀನಿ. ಬೈಲುಕುಪ್ಪೆಗೆ ಟಿಬೆಟಿನವರು 1960ರ ದಶಕದ ಆರಂಭದಲ್ಲಿ ಬಂದಾಗ ಗಂಬಳಿ ಕಸುಬೂ ಜೊತೆಗೆ ಬಂತು. ಕಬ್ಬಿಣದ ಸರಳಿನ ಮೇಲೆ ನೂಲಿನ ಕುಣಿಕೆ ಸಾಲಾಗಿ ಹಾಕಿಕೊಂಡು ಹೋಗಿ, ಸಾಲು ಮುಗಿದ ಮೇಲೆ ಚಾಕುವಿನಿಂದ ಸೀಳ್ತಾರೆ. ಹಾಗಾಗಿ ಪೈಲ್ ದಪ್ಪ. ಹಾಸಿಗೆ ಮೇಲೆ ಹಾಕೋ 3×6 ಅಡಿಯ ಅಳತೆ ಅವರಲ್ಲಿ ರೂಢಿ, ದಿವಾನಕ್ಕೆ ಸರಿಯಾಗುತ್ತೆ. ಹಳೇ ಟಿಬೆಟ್‌ನಿಂದಲೇ ಬಂದದ್ದು ಅಂತ ಯಾರಾದ್ರೂ ಮಾರಿದ್ರೆ ಮಾತ್ರ ಮೇಲಿನ ಮೇಡಂ ಹೇಳಿದ ಹಾಗೆ ಮಗುಚಿ ಬೆನ್ನು ನೋಡಿ. ಬೈಲುಕುಪ್ಪೆಯಲ್ಲೇ ಎಂಬತ್ತರ ದಶಕದಲ್ಲಿ ನೇಯ್ದದ್ದು ಅಂತ ನೇರವಾಗಿ ಹೇಳಿ ಮಾರಿದ್ರೆ ನಾನಂತೂ ಖುಷಿಯಿಂದ ಕೊಳ್ತೀನಿ.

ಬನಶಂಕರಿ_ಬಾಲ್ಕನಿ

ಶನಿವಾರ ಅಂಗಡಿಗೆ ಹೋಗಿದ್ವಿ. ಬೆನ್ನು ನೋಡಬೇಕು ಅಂದಾಗ ಹುಡುಗ ಅರ್ಧ ಮಗುಚಿದ. ಇಸವಿ ಇರೋ ಮೂಲೆ ಬೇಕು ಅಂದ್ರೆ "ಅದು ಭಾರ ಮೇಡಂ" ಅಂತಾನೆ. ನಾನೇ ಬಗ್ಗಿ ಎತ್ತಿದೆ.

ಹಾಸುಹೊಕ್ಕು ಮೇಡಂ, ನೀವು ಹೇಳಿದ ಹಾಗೇ ಇದೆ! ಎರಡನೇ ಅಂಕಿಯ ತಲೆ ಹತ್ತಿರ ಐದಾರು ಗಂಟು, ಇಟ್ಟಿಗೆ ಕೆಂಪೇ, ಆದ್ರೆ ಸುತ್ತ ಇರೋದಕ್ಕಿಂತ ಒಂಚೂರು ಕಿತ್ತಳೆ. ಬೆರಳಿಟ್ಟರೆ ಉಬ್ಬು ತಾಗುತ್ತೆ. ಫೋಟೋ ಹಾಕಿದೀನಿ ನೋಡಿ. ಹತ್ತಿ ವಸ್ತ್ರ ಒದ್ದೆ ಮಾಡಿ ಮುಂಭಾಗದಲ್ಲಿ ಉಜ್ಜಿದೆ, ಬಣ್ಣ ಬರಲಿಲ್ಲ. ತಿರುಚಿ ಕೇಳಿದೆ, ಸದ್ದಿಲ್ಲ. ಪೈಲ್ ಬಿಡಿಸಿ ನೋಡಿದ್ರೆ ತುದಿ ಮಾಸಲು, ಬುಡ ಸ್ವಲ್ಪ ಗಾಢ. ಕಂದು ಬಣ್ಣ ಇರೋ ಕಡೆಯೆಲ್ಲ ಪೈಲ್ ತಗ್ಗಾಗಿದೆ, ಮಿಕ್ಕದ್ದು ಎತ್ತರ. ಇದು ನುಸಿನಾ?

ಹಾಸುಹೊಕ್ಕು

ಫೋಟೋ ಸೊಗಸಾಗಿದೆ. 1322 ಅನ್ನೋದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಕಂದು ತಗ್ಗಾಗಿರೋದು ನುಸಿ ಅಲ್ಲ, ಅದು ನಿಮ್ಮ ಪಾಲಿಗೆ ಒಳ್ಳೇ ಸುದ್ದಿ. ಕಪ್ಪು-ಕಂದು ಬರಿಸೋಕೆ ಹಿಂದೆ ಕಬ್ಬಿಣದ ಅಂಶ ಬಳಸ್ತಿದ್ರು. ಆ ಕಬ್ಬಿಣ ದಶಕಗಟ್ಟಲೆ ಉಣ್ಣೆಯನ್ನ ಮೆಲ್ಲಗೆ ತಿನ್ನುತ್ತೆ. ಪಕ್ಕದ ಕೆಂಪು (ಮಂಜಿಷ್ಠದ ಬೇರು), ನೀಲಿ ಹಾಗೇ ಉಳಿದು, ಕಂದು ಗೆರೆ ಮಾತ್ರ ಕೆತ್ತಿದಂತೆ ಒಳಗಿಳಿಯುತ್ತೆ. ಕೆಲವರು ಹಳೇದು ಅನ್ನಿಸೋಕೆ ಕತ್ತರಿಯಲ್ಲಿ ಹಾಗೇ ಕತ್ತರಿಸ್ತಾರೆ. ಕತ್ತರಿಸಿದ್ದು ಎಲ್ಲ ಕಡೆ ಒಂದೇ ಮಟ್ಟ ಇರುತ್ತೆ. ನಿಮ್ಮ ಫೋಟೋದಲ್ಲಿ ಒಂದು ಹೂವಲ್ಲಿ ಜಾಸ್ತಿ, ಒಂದರಲ್ಲಿ ಕಮ್ಮಿ ಇದೆ. ಸಹಜವಾಗಿ ಸವೆದದ್ದು.

ತುದಿ ಮಾಸಲು, ಬುಡ ಗಾಢ, ಇದು ಬೆಳಕಿಗೆ ಆಗೋದೇ. ಒಂದೇ ಬಣ್ಣ ಬುಡದಿಂದ ತುದಿಗೆ ನಿಧಾನವಾಗಿ ತಿಳಿಯಾದ್ರೆ ಚಿಂತೆ ಇಲ್ಲ. ಬುಡದಲ್ಲಿ ಗಾಢ ನೇರಳೆ, ತುದಿಯಲ್ಲಿ ಬೂದು ಆಗಿದ್ರೆ ಮಾತ್ರ ಮೊದಲ ತಲೆಮಾರಿನ ರಾಸಾಯನಿಕ ಬಣ್ಣ ಅನ್ನಬಹುದು. 1856ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ಹುಡುಗ ಕೃತಕ ನೇರಳೆ ಕಂಡುಹಿಡಿದ ಮೇಲೆ ಆ ಬಣ್ಣಗಳು ಒಂದೆರಡು ದಶಕದಲ್ಲಿ ಗಂಬಳಿ ಊರುಗಳಿಗೂ ಬಂದವು, ಬಿಸಿಲಿಗೆ ನಿಲ್ಲಲಿಲ್ಲ.

ಹೀಗಾಗಿ ಗಂಬಳಿ ಸುಳ್ಳಲ್ಲ, ಅದರ ಮೇಲಿನ ಇಸವಿ ಸುಳ್ಳು. 20ನೇ ಶತಮಾನದ ಮೊದಲರ್ಧದ ತಬ್ರೀಜ್ ಇರಬಹುದು, ಸ್ಥಿತಿಯೂ ಚೆನ್ನಾಗಿದೆ. ಇನ್ನೂರು ವರ್ಷದ ಬೆಲೆ ಕೊಡೋದು ಬೇಡ. ತಬ್ರೀಜಿನಲ್ಲಿ ಹೊರದೇಶಕ್ಕೆ ಅಂತ ದೊಡ್ಡ ಹಾಲಿನ ಅಳತೆಯ ಗಂಬಳಿ ನೇಯೋ ಭರಾಟೆ ಶುರುವಾಗಿದ್ದೇ 19ನೇ ಶತಮಾನದ ಕೊನೆಯ ಭಾಗದಲ್ಲಿ.

ಕಲಂ_ಕಾಯ್ದೆ

ಇಲ್ಲಿ ಕಾನೂನಿನ ಒಂದು ಮಾತು. ನಮ್ಮ ದೇಶದಲ್ಲಿ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ ಇದೆ. ನೂರು ವರ್ಷ ದಾಟಿದ ಕರಕುಶಲ ವಸ್ತು ಅದರ ವ್ಯಾಖ್ಯೆಯೊಳಗೆ ಬರುತ್ತೆ. ಅಂಥದ್ದನ್ನ ಮಾರುವ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ದೇಶದಿಂದ ಹೊರಗೆ ಸಾಗಿಸೋ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ಒಪ್ಪಿಗೆ ಕೊಟ್ಟವರಿಗೆ ಮಾತ್ರ.

ಅಂಗಡಿಯವರಿಗೆ ಎರಡು ಪ್ರಶ್ನೆ ಕೇಳಿ ನೋಡಿ. "ನಿಮ್ಮ ಲೈಸೆನ್ಸ್ ತೋರಿಸಿ." "ಬಿಲ್ಲಿನಲ್ಲಿ ಇಷ್ಟು ವರ್ಷ ಹಳೆಯದು ಅಂತ ಬರೆದುಕೊಡಿ." ಇನ್ನೂರು ವರ್ಷ ಅಂದವರು ಬರೆಯೋಕೆ ಬಂದಾಗ ಎಷ್ಟಕ್ಕೆ ಇಳೀತಾರೆ ಅಂತ ನನಗೂ ಕುತೂಹಲ.

ವಿದೇಶದಲ್ಲಿರೋರು ಅಜ್ಜನ ಮನೆ ಗಂಬಳಿ ಸೂಟ್‌ಕೇಸಿಗೆ ತುಂಬೋ ಮುಂಚೆ ವಯಸ್ಸಿನ ಬಗ್ಗೆ ಅನುಮಾನ ಇದ್ರೆ ಪುರಾತತ್ವ ಇಲಾಖೆಯಿಂದ, ಅಂದ್ರೆ ಎಎಸ್‌ಐನಿಂದ, "ಪುರಾತನ ವಸ್ತುವಲ್ಲ" ಅನ್ನೋ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಏರ್‌ಪೋರ್ಟಿನಲ್ಲಿ ವಾದ ಮಾಡೋದಕ್ಕಿಂತ ಇದು ಸಲೀಸು.

ಬನಶಂಕರಿ_ಬಾಲ್ಕನಿ

ಫೋನ್ ಮಾಡಿ ಕೇಳಿಯೇಬಿಟ್ಟೆ. ಲೈಸೆನ್ಸ್ ಅಂದ ಕೂಡಲೇ "ಮೇಡಂ, ನಾವು ಅದನ್ನ ಡೆಕೋರೇಟಿವ್ ಐಟಂ ಅಂತ ಬಿಲ್ ಮಾಡ್ತೀವಿ" ಅಂದ್ರು. ಬೆಲೆ ಅಲ್ಲೇ ಅರ್ಧಕ್ಕೆ ಇಳೀತು! ಯಜಮಾನರು ಈಗ ಈ ಥ್ರೆಡ್ ಓದ್ತಾ ಇದಾರೆ :)

ಎಡಿಸನ್_ಕನ್ನಡಿಗ

ಅರ್ಧಕ್ಕೆ ಇಳಿದ ಬೆಲೆ ಇನ್ನೂ ಅರ್ಧ ಆಗೋವರೆಗೂ ಸುಮ್ಮನಿರಿ.

ಅಳತೆಪಟ್ಟಿ

ಒಳಾಂಗಣ ವಿನ್ಯಾಸ ನನ್ನ ವೃತ್ತಿ. ವಯಸ್ಸಿನ ಚರ್ಚೆ ಸ್ವಾರಸ್ಯವಾಗಿದೆ, ಆದರೆ ಅಳತೆ ಬಗ್ಗೆ ಯಾರೂ ಮಾತಾಡಿಲ್ಲ. 12×17ರ ಹಾಲಿಗೆ 8×11 ಸರಿಹೋಗುತ್ತೆ. ಸುತ್ತ ಎರಡು-ಮೂರು ಅಡಿ ನೆಲ ಉಳಿಯುತ್ತೆ, ಸೋಫಾದ ಮುಂದಿನ ಕಾಲಾದ್ರೂ ಗಂಬಳಿ ಮೇಲೆ ಬರುತ್ತೆ. 6×9 ಹಾಕಿದ್ರೆ ಸೋಫಾ ಮುಂದೆ ಟೀಪಾಯಿ ಕೆಳಗಷ್ಟೇ. ತಪ್ಪೇನಿಲ್ಲ. ಟೀಪಾಯಿಯ ನಾಲ್ಕೂ ಕಾಲು ಒಳಗಿದ್ದು, ಸೋಫಾದಲ್ಲಿ ಕೂತವರ ಪಾದ ಗಂಬಳಿ ಮೇಲೆ ಬಂದ್ರೆ ಸಾಕು. ಚಿಕ್ಕದಾಯ್ತು ಅನ್ನಿಸಿದ್ರೆ ಕೆಳಗೆ ಸಾದಾ ಈಚಲು ಚಾಪೆಯನ್ನೋ ಹತ್ತಿ ದರಿಯನ್ನೋ ದೊಡ್ಡದಾಗಿ ಹಾಸಿ, ಮೇಲೆ ಇದನ್ನ ಹಾಕಿ. ಊಟದ ಮೇಜಿನ ಕೆಳಗೆ ಮಾತ್ರ ಹಳೇದು ಬೇಡ, ಕುರ್ಚಿ ಎಳೆದು ಎಳೆದು ಅದೇ ಜಾಗ ಸವೆಯುತ್ತೆ.

ಟೈಲ್ಸ್ ಮೇಲೆ ಜಾರುತ್ತೆ. ಕೆಳಗೆ ತೆಳು ಫೆಲ್ಟ್ ಅಥವಾ ರಬ್ಬರ್ ಜಾಲರಿ ಹಾಕಲೇಬೇಕು. ಮನೆಯಲ್ಲಿ ವಯಸ್ಸಾದವರಿದ್ರೆ ಇದರಲ್ಲಿ ಚೌಕಾಸಿ ಇಲ್ಲ.

ಬನಶಂಕರಿ_ಬಾಲ್ಕನಿ

ಮೈಸೂರಿಂದ ಅಟ್ಟದ ಗಂಬಳಿ ಬಂತು. ಬೆನ್ನಿನ ಫೋಟೋ ಇಲ್ಲಿದೆ. ಕುಚ್ಚು ಬಿಳಿ ಹತ್ತಿ. ಉಣ್ಣೆ ತುಂಬಾ ಮೆತ್ತಗೆ. ಒಂದು ಅಂಚಿನ ಹತ್ತಿರ ಅಂಗೈಯಷ್ಟು ಜಾಗ ಬೋಳು, ಹುಳು ಕಾಣಲಿಲ್ಲ. ಅತ್ತೆ ಇದನ್ನ ಸಿಲ್ಕ್ ಅಂತಾರೆ.

ಹಾಸುಹೊಕ್ಕು

ನೋಡೋಕೆ ಬೊಖಾರಾ ಚಿತ್ತಾರ. ಎಂಟು ಮೂಲೆಯ ಹೂವಿಗೆ ಆನೆ ಹೆಜ್ಜೆ ಅಂತಲೂ ಹೇಳ್ತಾರೆ. ಮಧ್ಯ ಏಷ್ಯಾದ ತುರ್ಕಮೆನ್ ಬುಡಕಟ್ಟಿನವರ ಅಸಲಿ ಹಳೇದಾದ್ರೆ ಸಾಮಾನ್ಯವಾಗಿ ಹಾಸಿನ ಎಳೆಯೂ ಉಣ್ಣೆಯೇ ಇರುತ್ತೆ, ಕುಚ್ಚು ಬೂದು-ಕಂದು ಬಣ್ಣಕ್ಕಿರುತ್ತೆ. ಇದರದ್ದು ಬಿಳಿ ಹತ್ತಿ. ಹಾಗಾಗಿ ಇದು ನಮ್ಮ ಉಪಖಂಡದ್ದೇ, ಕಾಶ್ಮೀರದಲ್ಲೋ ಅಮೃತಸರದಲ್ಲೋ ಅದೇ ಚಿತ್ತಾರದಲ್ಲಿ ನೇಯ್ದದ್ದು. ನಿಮ್ಮ ಮನೆಯವರು ಹೇಳೋ ಎಪ್ಪತ್ತರ ದಶಕಕ್ಕೆ ಸರಿಯಾಗೇ ಹೊಂದುತ್ತೆ. ಇಲ್ಲಿ ಕಥೆ, ಗಂಬಳಿ ಎರಡೂ ಒಂದೇ ಮಾತು ಆಡ್ತಿವೆ. ಅಂಗಡಿಯದರಲ್ಲಿ ಹಾಗಿರಲಿಲ್ಲ.

ಸಿಲ್ಕ್ ಅನ್ನೋದಕ್ಕೆ ಬೋಳು ಜಾಗದ ಅಂಚಿನಿಂದ ಒಂದೇ ಒಂದು ಎಳೆ ಚಿಮಟದಲ್ಲಿ ಕಿತ್ತು, ಸ್ಟೀಲ್ ತಟ್ಟೆಯ ಮೇಲಿಟ್ಟು ಸುಡಿ. ಕೂದಲು ಸುಟ್ಟ ವಾಸನೆ ಬಂದ್ರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದು ಬೂದಿ ಹಗುರವಾಗಿ ಹಾರಿದ್ರೆ ವಿಸ್ಕೋಸ್ (ಕೃತಕ ರೇಷ್ಮೆ) ಅಥವಾ ಹತ್ತಿ. ಪ್ರವಾಸಿಗಳಿಗೆ ವಿಸ್ಕೋಸನ್ನ ಸಿಲ್ಕ್ ಅಂತ ಮಾರೋದು ಇವತ್ತಿಗೂ ಇದೆ. ನನ್ನ ಕಣ್ಣಿಗೆ ಇದು ಒಳ್ಳೇ ಉಣ್ಣೆ.

ಅಂಗೈಯಷ್ಟು ಬೋಳನ್ನ ರಫು ಮಾಡಿಸಬಹುದು, ಕಾಶ್ಮೀರಿ ಅಂಗಡಿಗಳಲ್ಲಿ ವಿಚಾರಿಸಿದ್ರೆ ಮಾಡುವವರ ಗುರುತು ಸಿಗುತ್ತೆ. ಖರ್ಚು ಬೇಡ ಅಂದ್ರೆ ಆ ಅಂಚನ್ನ ಸೋಫಾ ಕಡೆ ತಿರುಗಿಸಿ ಹಾಕಿ, ಆರು ತಿಂಗಳಿಗೊಮ್ಮೆ ಎತ್ತಿ ನೋಡ್ತಾ ಇರಿ. ತೊಳೆಸೋಕೆ ಕೊಡುವಾಗ ತಣ್ಣೀರಲ್ಲಿ ಕೈಯಿಂದ ತೊಳೀತೀರಾ ಅಂತ ಕೇಳಿ. ಸ್ಟೀಮು, ಸೋಫಾ ಶಾಂಪೂ, ಬ್ಲೀಚು ಹೆಸರೆತ್ತಿದವರಿಗೆ ಕೊಡಬೇಡಿ. ಮನೆಯಲ್ಲಿ ವ್ಯಾಕ್ಯೂಮ್ ಮಾಡುವಾಗ ತಿರುಗೋ ಬ್ರಷ್ ಆಫ್ ಮಾಡಿ, ಕುಚ್ಚಿನ ಹತ್ತಿರ ಹೋಗಲೇಬೇಡಿ.

ಬನಶಂಕರಿ_ಬಾಲ್ಕನಿ

ಸುಟ್ಟು ನೋಡಿದೆ, ಕೂದಲಿನದ್ದೇ ವಾಸನೆ. ನೀವು ನೋಡಿ ಹೇಳಿದ ಹಾಗೆ ಉಣ್ಣೆಯೇ ಇರಬೇಕು. ಸಿಲ್ಕ್ ಅಲ್ಲ ಅನ್ನೋದನ್ನ ಅತ್ತೆಗೆ ನಾನು ಹೇಳಲ್ಲಪ್ಪ. ತೀರ್ಮಾನ: ಅಟ್ಟದ್ದು ಹಾಲಿಗೆ. ತಬ್ರೀಜ್ ಬಿಟ್ವಿ. ಉಳಿದ ದುಡ್ಡಲ್ಲಿ ಕೆಳಗೆ ಹಾಸೋಕೆ ಒಂದು ದೊಡ್ಡ ಜಮಖಾನೆ. ಗಿರ್ಮಿಟ್ ಅವರೇ, ನವಲಗುಂದದ್ದು ಅಷ್ಟು ದೊಡ್ಡದು ನೇಯ್ದು ಕೊಡ್ತಾರಾ? ತಿಳಿ ಬಣ್ಣದಲ್ಲಿ, ಜಾಸ್ತಿ ಚಿತ್ರ ಇಲ್ಲದೆ?

ತೀರ್ಥಹಳ್ಳಿ_ಮಳೆ

ನನಗೂ ಒಂದು. ಬೂಸ್ಟು ಬಂದ್ರೂ ತೊಳೆದು ಒಣಗಿಸೋ ಹಾಗಿರಬೇಕು.

ಹುಬ್ಬಳ್ಳಿ_ಗಿರ್ಮಿಟ್

ಹೇಳಿದ್ರ ನೇಯ್ತಾರ್ರೀ, ಆದ್ರ ದೊಡ್ಡದಕ್ಕ ತಿಂಗಳುಗಟ್ಟಲೆ ಕಾಯಬೇಕಾಗ್ತದ, ಮಗ್ಗದ ಅಗಲದ ಮ್ಯಾಲೂ ಐತಿ. ಜಾಸ್ತಿ ಚಿತ್ರ ಬ್ಯಾಡ ಅಂದ್ರ ನೇಯೋರಿಗೆ ಬ್ಯಾಸರ ಆಗ್ತದ ನೋಡ್ರಿ, ಅಂಚಿಗೆ ಎರಡು ನವಿಲಾರ ಇರಲಿ. ಇಬ್ಬರೂ ನೆಲಾ ಅಳದು ಉದ್ದ, ಅಗಲ ಎರಡೂ ಬರೀರಿ. ಮುಂದಿನ ವಾರ ನಮ್ಮವ್ವ ತವರಿಗೆ ಹೊಂಟಾಳ, ಕೇಳಿಕೊಂಡು ಬರ್ತಾಳ. ಸೀನ್ಯಾ, ನಿಂದೂ ಬರಿ.